ಎರಡು ಚಾನೆಲ್ ಒಂದಾದ ಮೇಲೆ: ಕೋಡಿಬಾಗದ ಮನೆಯಲ್ಲಿ ಬಿಬಿಸಿ ನ್ಯೂಸ್

ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿ. ಕಾಳಿ ಸೇತುವೆಗೆ ಹತ್ತು ನಿಮಿಷದ ನಡಿಗೆ. ಬೆಳಿಗ್ಗೆ ಐದೂಮುಕ್ಕಾಲಿಗೆ ಚಹಾಕ್ಕೆ ನೀರಿಟ್ಟು ಟಿವಿ ಹಾಕುವುದು ನನ್ನ ಮೂವತ್ತು ವರ್ಷದ ರೂಢಿ. ಹಾಕುವ ಚಾನೆಲ್ ಬಿಬಿಸಿ. ಹೋದ ತಿಂಗಳು ಡಿಶ್ ರಿಚಾರ್ಜ್ ಮಾಡಿಸಲು ಹೋದಾಗ ಅಂಗಡಿಯ ಹುಡುಗ ಕೇಳಿದ: "ಅಕ್ಕೋರೆ, ಈ ಬಿಬಿಸಿ ಇರ್ಲಾ, ತೆಗೀಲಾ? ಈಗ ಯಾರೂ ಹಾಕ್ಸೋದಿಲ್ಲ." ಇರಲಿ ಅಂದೆ. ಆದರೆ ಮನೆಗೆ ಬರುವ ದಾರಿಯುದ್ದಕ್ಕೂ ಅದೇ ಯೋಚನೆ. 2023ರಲ್ಲಿ ಈ ಚಾನೆಲ್ ಬದಲಾಯಿತು. ಮೊದಲಿನ ಹಾಗೆ ಇಲ್ಲ. ಆದರೂ ಯಾಕೆ ಇಟ್ಟುಕೊಂಡಿದ್ದೇನೆ? ನಿಮ್ಮಲ್ಲಿ ಯಾರಿಗಾದರೂ ಇದು ಬೇಕಾ ಬೇಡವಾ ಅಂತ ತೀರ್ಮಾನಿಸಲು ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ.

ಮೊದಲು ನನ್ನ ಬಗ್ಗೆ ಎರಡು ಮಾತು ಹೇಳಬೇಕು. ನಾನು ಸುದ್ದಿ ಓದುವವರನ್ನು ಅಳೆಯುವ ಅಳತೆ ಎಲ್ಲಿಂದ ಬಂತು ಅಂತ ಗೊತ್ತಾಗಬೇಕಲ್ವಾ? ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು ನಾನು. ಜೊತೆಗೆ ಹನ್ನೊಂದು ವರ್ಷ ಕಾರವಾರ ಆಕಾಶವಾಣಿಯಲ್ಲಿ ತಾತ್ಕಾಲಿಕ ಉದ್ಘೋಷಕಿಯಾಗಿದ್ದೆ. ತಿಂಗಳಿಗೆ ನಾಲ್ಕೈದು ಪಾಳಿ ಸಿಗುತ್ತಿತ್ತು. ಸೇರುವ ಮೊದಲು ಬರವಣಿಗೆಯ ಪರೀಕ್ಷೆ, ಆಮೇಲೆ ಧ್ವನಿ ಪರೀಕ್ಷೆ. ಧ್ವನಿ ಪರೀಕ್ಷೆಯ ದಿನ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಗಾಜಿನ ಆಚೆ ಕುಳಿತವರು ನಮ್ಮ ಮುಖ ನೋಡುತ್ತಿರಲಿಲ್ಲ. ತಲೆ ತಗ್ಗಿಸಿ ಕೇಳುತ್ತಿದ್ದರು, ಅಷ್ಟೇ. ಕೈಗೆ ಒಂದು ಹಾಳೆ ಕೊಟ್ಟರು. ಅದರ ತುಂಬ ಶ, ಷ, ಸ ತೊಡರುವ ಮಾತುಗಳು, ಲ ಮತ್ತು ಳ ಅಕ್ಕಪಕ್ಕ ಬರುವ ಊರಿನ ಹೆಸರುಗಳು. ಓದಿ ಮುಗಿಸಿದೆ. ಆಗ ಅವರಲ್ಲಿ ಹಿರಿಯರೊಬ್ಬರು ಹೇಳಿದರು: "ಈಗ ರೆಕಾರ್ಡಿಂಗ್ ಕೈಕೊಟ್ಟಿದೆ ಅಂದ್ಕೊಳ್ಳಿ. ಮೂರು ನಿಮಿಷ ನೀವೇ ಮಾತಾಡಿ." ನಾನು ಬೈತಖೋಲ್ ಬಂದರಿನಲ್ಲಿ ನಸುಕಿನಲ್ಲಿ ದೋಣಿಯಿಂದ ಬಾಂಗಡೆ ಇಳಿಸುವುದನ್ನು ಹೇಳಿದೆ. ಬುಟ್ಟಿ ಎಣಿಸುವವರು, ಹರಾಜು ಕೂಗುವವರು, ಐಸು ಒಡೆಯುವ ಸದ್ದು. ಆಯ್ಕೆಯಾದೆ. ಆ ಮೂರು ನಿಮಿಷವೇ ನಿಜವಾದ ಪರೀಕ್ಷೆ ಅಂತ ಕೆಲಸಕ್ಕೆ ಸೇರಿದ ಮೇಲೆ ಗೊತ್ತಾಯಿತು. ಹಾಳೆ ಇದ್ದರೆ ಯಾರಾದರೂ ಓದುತ್ತಾರೆ. ಹಾಳೆ ಖಾಲಿಯಾದಾಗ ಏನು ಮಾಡುತ್ತಾರೆ ಎಂಬುದನ್ನೇ ನಾನು ಇವತ್ತಿಗೂ ನೋಡುವುದು.

ಬಿಬಿಸಿಯ ಟಿವಿ ಸುದ್ದಿ ಏಷ್ಯಾಕ್ಕೆ ಬಂದದ್ದು 1991ರಲ್ಲಿ, ಸ್ಟಾರ್‌ನವರ ಉಪಗ್ರಹದ ಮೂಲಕ. ನಮ್ಮ ಓಣಿಗೆ ಬರುವಾಗ ಇನ್ನೂ ಎರಡು ಮೂರು ವರ್ಷ ಹಿಡಿಯಿತು. ಕೇಬಲ್‌ನವನು ತೆಂಗಿನ ಮರದಿಂದ ತೆಂಗಿನ ಮರಕ್ಕೆ ವೈರ್ ಎಳೆದು ಮನೆಮನೆಗೆ ಕೊಟ್ಟಿದ್ದ. 1995ರಲ್ಲಿ ಅದರ ಹೆಸರು ಬಿಬಿಸಿ ವರ್ಲ್ಡ್ ಆಯಿತು, 2008ರಲ್ಲಿ ಬಿಬಿಸಿ ವರ್ಲ್ಡ್ ನ್ಯೂಸ್. ಬ್ರಿಟನ್ನಿನವರಿಗೆ ಬೇರೆಯದೇ ಒಂದು ಸುದ್ದಿ ಚಾನೆಲ್ ಇತ್ತು. 1997ರ ನವೆಂಬರ್‌ನಲ್ಲಿ ಬಿಬಿಸಿ ನ್ಯೂಸ್ 24 ಅಂತ ಶುರುವಾದದ್ದು ಅದು. ನಮಗೆ ಅದು ಕಾಣುತ್ತಿರಲಿಲ್ಲ. ಅವರಿಗೆ ನಮ್ಮದು ಹೆಚ್ಚಾಗಿ ಕಾಣುತ್ತಿರಲಿಲ್ಲ. ಎರಡಕ್ಕೂ ಬೇರೆ ಬೇರೆ ಮುಖಗಳು.

ಆ ಕಾಲದ ಒಂದು ಬೆಳಗು ನನಗೆ ಮರೆಯುವುದಿಲ್ಲ. 1997ರ ಆಗಸ್ಟ್ 31, ಭಾನುವಾರ. ಮನೆಯವರು ಮೀನು ತರಲು ಪೇಟೆಗೆ ಹೊರಟಿದ್ದರು. ಟಿವಿಯಲ್ಲಿ ನಿರೂಪಕ ನಿಕ್ ಗೋವಿಂಗ್ ಕುಳಿತಿದ್ದರು. ಪ್ಯಾರಿಸ್‌ನಲ್ಲಿ ರಾಜಕುಮಾರಿ ಡಯಾನಾ ಅವರ ಕಾರು ಅಪಘಾತವಾದ ಸುದ್ದಿ. ಇವರು ಚೀಲ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟರು. ಮೊದಮೊದಲು ಖಚಿತವಾದ ಸಂಗತಿ ಬಹಳ ಕಡಿಮೆ ಇತ್ತು. ಗೋವಿಂಗ್ ಅವಸರ ಮಾಡಲಿಲ್ಲ. ಗೊತ್ತಿರುವುದನ್ನು ಗೊತ್ತಿರುವಷ್ಟೇ ಹೇಳಿದರು. ಸಾವಿನ ಸುದ್ದಿ ಹೇಳುವಾಗಲೂ ದನಿ ಏರಲಿಲ್ಲ, ನಡುಗಲೂ ಇಲ್ಲ. ಮಾರನೆಯ ದಿನ ಕ್ಲಾಸಿನಲ್ಲಿ ನಾನು ಪಾಠ ಬಿಟ್ಟು ಅದನ್ನೇ ಮಕ್ಕಳಿಗೆ ವಿವರಿಸಿದ್ದೆ. ಒಂದು ವಾಕ್ಯ ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಅಂತ.

ಈಗ ವಿಲೀನದ ವಿಷಯಕ್ಕೆ ಬರುತ್ತೇನೆ. 2022ರ ಜುಲೈಯಲ್ಲಿ ಬಿಬಿಸಿ ಎರಡೂ ಚಾನೆಲ್‌ಗಳನ್ನು ಸೇರಿಸುವುದಾಗಿ ಹೇಳಿತು. ಕಾರಣ ದುಡ್ಡು. ಬ್ರಿಟನ್ನಿನಲ್ಲಿ ಟಿವಿ ಇಟ್ಟುಕೊಂಡ ಮನೆಯವರು ವರ್ಷಕ್ಕೊಮ್ಮೆ ಲೈಸೆನ್ಸ್ ಶುಲ್ಕ ಕಟ್ಟಬೇಕು. ಬಿಬಿಸಿ ನಡೆಯುವುದು ಮುಖ್ಯವಾಗಿ ಅದರ ಮೇಲೆ. 2022ರಲ್ಲಿ ಅಲ್ಲಿನ ಸರ್ಕಾರ ಆ ಶುಲ್ಕವನ್ನು 159 ಪೌಂಡ್‌ಗೆ ಎರಡು ವರ್ಷ ನಿಲ್ಲಿಸಿತು. ಬೆಲೆಗಳೆಲ್ಲ ಏರುತ್ತಿದ್ದ ಹೊತ್ತು. ನಮ್ಮ ಕಡೆಗೆ ಬರುತ್ತಿದ್ದ ವರ್ಲ್ಡ್ ನ್ಯೂಸ್‌ಗೆ ಆ ಶುಲ್ಕದ ಹಣ ಇಲ್ಲ, ಅದು ಜಾಹೀರಾತು ಮತ್ತು ಚಂದಾ ಹಣದ ಮೇಲೆ ನಡೆಯುವ ಚಾನೆಲ್. ಹೀಗೆ ಎರಡು ಬೇರೆ ಗಂಟಿನ ದುಡ್ಡು, ಎರಡು ಬೇರೆ ನೋಡುಗರು. ಆದರೂ ಒಂದೇ ಚಾನೆಲ್ ಮಾಡಿದರು. 2023ರ ಏಪ್ರಿಲ್ 3ರಂದು ನಮ್ಮ ಟಿವಿಯ ಮೂಲೆಯಲ್ಲಿ 'ವರ್ಲ್ಡ್' ಎಂಬ ಪದ ಇರಲಿಲ್ಲ. ಬರೀ ಬಿಬಿಸಿ ನ್ಯೂಸ್. ಬ್ರಿಟನ್ನಿನಲ್ಲಿ ದೊಡ್ಡ ಘಟನೆ ನಡೆದರೆ ಅಲ್ಲಿಯವರಿಗೆ ಮಾತ್ರ ಬೇರೆ ಪ್ರಸಾರ ಕೊಡುವ ವ್ಯವಸ್ಥೆ ಇಟ್ಟುಕೊಂಡಿದ್ದಾರೆ. ಉಳಿದಂತೆ ಬಹಳ ಹೊತ್ತು ಲಂಡನ್ನಿನ ಅಜ್ಜಿಗೂ ಕೋಡಿಬಾಗದ ನನಗೂ ಒಂದೇ ಸುದ್ದಿ.

ಎರಡು ಮನೆಯ ಅಡುಗೆ ಒಂದೇ ಒಲೆಗೆ ಬಂದರೆ ಬಡಿಸುವವರು ಯಾರು? ಇದೇ ನನಗೆ ಮುಖ್ಯವಾಗಿದ್ದ ಪ್ರಶ್ನೆ. ಇದ್ದ ನಿರೂಪಕರೆಲ್ಲ ಹೊಸದಾಗಿ ಅರ್ಜಿ ಹಾಕಬೇಕಾಯಿತು. 2023ರ ಫೆಬ್ರವರಿಯಲ್ಲಿ ಲಂಡನ್ನಿನ ಮುಖ್ಯ ನಿರೂಪಕರು ಅಂತ ಐದು ಹೆಸರು ಹೊರಬಂತು: ಮ್ಯಾಥ್ಯೂ ಅಮ್ರೋಲಿವಾಲಾ, ಕ್ರಿಶ್ಚಿಯನ್ ಫ್ರೇಸರ್, ಯಾಲ್ದಾ ಹಕೀಂ, ಲೂಸಿ ಹಾಕಿಂಗ್ಸ್, ಮರಿಯಂ ಮೊಶಿರಿ. ಮೂವರು ಹೆಂಗಸರು, ಇಬ್ಬರು ಗಂಡಸರು.

ಈ ಐವರ ಮೇಲೆ ನನಗೆ ಯಾವ ದೂರೂ ಇಲ್ಲ. ಲೂಸಿ ಹಾಕಿಂಗ್ಸ್ ನ್ಯೂಜಿಲೆಂಡಿನವರು. ಅವರ ಇಂಗ್ಲಿಷಿನಲ್ಲಿ ಆ ದೇಶದ ಎಳೆ ಇದೆ. ನನ್ನ ಹಳೆಯ ವಿದ್ಯಾರ್ಥಿಗಳಿಗೆ ನಾನು ಬೇಕಂತಲೇ ಅವರನ್ನು ಕೇಳಿ ಅನ್ನುತ್ತೇನೆ. ಇಂಗ್ಲಿಷಿಗೆ ಒಂದೇ ನಾಲಗೆ ಇಲ್ಲ ಅಂತ ಅರ್ಥವಾಗಲಿ ಅಂತ. ಅವರು ಪ್ರಶ್ನೆ ಚಿಕ್ಕದಾಗಿ ಕೇಳುತ್ತಾರೆ, ಉತ್ತರಕ್ಕೆ ಜಾಗ ಬಿಡುತ್ತಾರೆ. ಮ್ಯಾಥ್ಯೂ ಅಮ್ರೋಲಿವಾಲಾ ಸಾವಧಾನದ ಮನುಷ್ಯ. ಕೋರ್ಟಿನ ತೀರ್ಪು, ಬಜೆಟ್ಟಿನಂಥ ಒಣ ವಿಷಯವನ್ನೂ ಅವರು ಹೇಳಿದರೆ ತಲೆಗೆ ಹೋಗುತ್ತದೆ. ಕ್ರಿಶ್ಚಿಯನ್ ಫ್ರೇಸರ್ ಅವರ ಕಾರ್ಯಕ್ರಮ ಬರುವಾಗ ನಮ್ಮಲ್ಲಿ ನಡುರಾತ್ರಿ ದಾಟಿರುತ್ತದೆ. ನಿದ್ದೆ ಬಾರದ ರಾತ್ರಿ ನೋಡಿದ್ದೇನೆ, ಚೆನ್ನಾಗಿದೆ. ಮರಿಯಂ ಮೊಶಿರಿ ಇರಾನಿನಲ್ಲಿ ಹುಟ್ಟಿದವರು, ಚುರುಕಿನ ಹೆಂಗಸು. 2023ರ ಡಿಸೆಂಬರ್‌ನಲ್ಲಿ ಸ್ಟುಡಿಯೋದವರ ಜೊತೆ ತಮಾಷೆಗೆ ಬೆರಳು ತೋರಿಸಿದ್ದು ಹಾಗೇ ಪ್ರಸಾರವಾಗಿ ಲೋಕವೆಲ್ಲ ನೋಡಿತು. ಅವರು ಮುಚ್ಚಿಡಲಿಲ್ಲ, ನೇರವಾಗಿ ಕ್ಷಮೆ ಕೇಳಿದರು. ಆಮೇಲೆ ನನಗೆ ಅವರ ಮೇಲೆ ಗೌರವ ಹೆಚ್ಚೇ ಆಯಿತು.

ಯಾಲ್ದಾ ಹಕೀಂ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಅವರು ಕಾಬೂಲಿನಲ್ಲಿ ಹುಟ್ಟಿದವರು. ಮಗುವಾಗಿದ್ದಾಗ ಮನೆಯವರು ದೇಶ ಬಿಟ್ಟು ಓಡಬೇಕಾಯಿತು. 2021ರ ಆಗಸ್ಟ್ 15ರಂದು ತಾಲಿಬಾನಿಗಳು ಕಾಬೂಲ್ ಹೊಕ್ಕ ದಿನ ಅವರೇ ನೇರಪ್ರಸಾರದಲ್ಲಿ ಕುಳಿತಿದ್ದರು. ನಡುವೆ ಅವರ ಸ್ವಂತ ಮೊಬೈಲ್ ರಿಂಗಾಯಿತು. ಕರೆ ಮಾಡಿದವರು ತಾಲಿಬಾನ್ ವಕ್ತಾರ ಸುಹೇಲ್ ಶಹೀನ್. ಯಾಲ್ದಾ ಫೋನನ್ನು ಸ್ಪೀಕರಿಗೆ ಹಾಕಿ ಮೈಕಿನ ಹತ್ತಿರ ಹಿಡಿದು ಅಲ್ಲೇ ಸಂದರ್ಶನ ಮಾಡಿದರು. ಹಾಳೆ ಇಲ್ಲ, ಮೊದಲೇ ಬರೆದ ಪ್ರಶ್ನೆ ಇಲ್ಲ. ತಾನು ಹುಟ್ಟಿದ ಊರು ಕೈತಪ್ಪುತ್ತಿರುವ ದಿನ. ಹೆಣ್ಣುಮಕ್ಕಳ ಶಾಲೆ ಏನಾಗುತ್ತದೆ, ಕೆಲಸಕ್ಕೆ ಹೋಗುವ ಹೆಂಗಸರ ಗತಿ ಏನು, ಒಂದೊಂದನ್ನೇ ಕೇಳಿದರು. ನಮ್ಮಲ್ಲಿ ಅಂದು ಸ್ವಾತಂತ್ರ್ಯದ ಹಬ್ಬ. ನಾನು ಕುಕ್ಕರ್ ಇಳಿಸುವುದನ್ನೂ ಮರೆತು ನೋಡಿದ್ದೆ. ಐವರ ಪಟ್ಟಿಯಲ್ಲಿ ಅವರ ಹೆಸರು ಕಂಡಾಗ ಸರಿಯಾದವರನ್ನೇ ಆರಿಸಿದ್ದಾರೆ ಅಂದುಕೊಂಡೆ. ಆದರೆ ಅದೇ 2023ರಲ್ಲಿ ಅವರು ಬಿಬಿಸಿ ಬಿಟ್ಟು ಸ್ಕೈ ನ್ಯೂಸ್‌ಗೆ ಹೊರಟರು. ಅಷ್ಟೆಲ್ಲ ಜರಡಿ ಹಿಡಿದು ಆರಿಸಿದ ಐವರಲ್ಲಿ ಒಬ್ಬರು ವರ್ಷ ತುಂಬುವ ಮೊದಲೇ ಇಲ್ಲ.

ಇನ್ನು ಆಯ್ಕೆಯಾಗದವರು. ಬೆಳಗಿನ ಹೊತ್ತು ನಮಗೆ ನ್ಯೂಸ್‌ಡೇ ಎಂಬ ಕಾರ್ಯಕ್ರಮ ಬರುತ್ತಿತ್ತು, ಒಂದು ಕಡೆ ಸಿಂಗಾಪುರ, ಇನ್ನೊಂದು ಕಡೆ ಲಂಡನ್. ಲಂಡನ್ ಕಡೆಯಿಂದ ಎಷ್ಟೋ ದಿನ ಕಾಸಿಯಾ ಮದೇರಾ ಇರುತ್ತಿದ್ದರು. ನನ್ನ ಚಹಾ ಕುದಿಯುವ ಹೊತ್ತಿಗೆ ಅವರ ದನಿ. ಅಲ್ಲಿ ಅವರಿಗೆ ನಡುರಾತ್ರಿ, ಆದರೂ ಕಣ್ಣಿನಲ್ಲಿ ನಿದ್ದೆಯ ಎಳೆ ಕಾಣಿಸುತ್ತಿರಲಿಲ್ಲ. ಕ್ಯಾರಿನ್ ಜಿಯನೋನಿ ಬೇರೆ ಹೊತ್ತಿನಲ್ಲಿ ಬರುತ್ತಿದ್ದರು. ಹೊಸ ಚಾನೆಲ್ ಶುರುವಾದ ಮೇಲೆ ಇಬ್ಬರೂ ಕಾಣಲಿಲ್ಲ. ರಜೆ ಇರಬೇಕು ಅಂದುಕೊಂಡೆ. ಒಂದು ವಾರ, ಒಂದು ತಿಂಗಳು. ಮಳೆಗಾಲ ಬಂತು, ಹೋಯಿತು. ದೀಪಾವಳಿ ಆಯಿತು. ಪಕ್ಕದ ಮನೆಯ ಹೆಂಗಸು ಹೇಳದೆ ಕೇಳದೆ ಮನೆ ಖಾಲಿ ಮಾಡಿದರೆ ಹೇಗೆ ಅನ್ನಿಸುತ್ತದೆ? ಹಾಗೇ ಆಗಿತ್ತು ನನಗೆ.

ಕಾರಣ ತಿಳಿದದ್ದು 2024ರ ಮೇ ತಿಂಗಳಲ್ಲಿ, ಅವರ ಮೊಕದ್ದಮೆ ಸುದ್ದಿಯಾದಾಗ. ಮಾರ್ಟಿನ್ ಕ್ರಾಕ್ಸಲ್, ಅನೀಟಾ ಮೆಕ್‌ವೇ, ಕ್ಯಾರಿನ್ ಜಿಯನೋನಿ, ಕಾಸಿಯಾ ಮದೇರಾ, ಈ ನಾಲ್ವರೂ ಲಂಡನ್ನಿನ ಉದ್ಯೋಗ ನ್ಯಾಯಮಂಡಳಿಗೆ ಹೋಗಿದ್ದರು. ಯಾರನ್ನು ತೆಗೆದುಕೊಳ್ಳುವುದು ಅಂತ ಮೊದಲೇ ತೀರ್ಮಾನವಾಗಿತ್ತು, ಅರ್ಜಿ, ಸಂದರ್ಶನ ಎಲ್ಲ ತೋರಿಕೆಗೆ ನಡೆಯಿತು ಎಂಬುದು ಅವರ ಆರೋಪ. ವಯಸ್ಸಾದ ಹೆಂಗಸರು ಎಂಬ ಕಾರಣಕ್ಕೆ ತಾರತಮ್ಯ ಆಯಿತು ಅಂತಲೂ ದೂರಿದ್ದರು. ಆಯ್ಕೆ ಕಟ್ಟುನಿಟ್ಟಾಗಿ, ನ್ಯಾಯವಾಗಿ ನಡೆದಿದೆ ಎಂಬುದು ಬಿಬಿಸಿಯ ಉತ್ತರ. ಸುಮಾರು ಒಂದು ವರ್ಷ ಅವರು ತೆರೆಯ ಮೇಲೆ ಇರಲಿಲ್ಲ. 2024ರಲ್ಲಿ ಮರಳಿದರು. ಪೂರ್ತಿ ವಿಚಾರಣೆ ನಡೆಯುವ ಮೊದಲೇ 2025ರಲ್ಲಿ ಎರಡೂ ಕಡೆ ರಾಜಿಯಾಯಿತು. ಬಿಬಿಸಿ ತಪ್ಪು ಒಪ್ಪಿಕೊಳ್ಳಲಿಲ್ಲ. ಹಾಗಾಗಿ ಯಾರು ಸರಿ, ಯಾರು ತಪ್ಪು ಅಂತ ಕಾರವಾರದಲ್ಲಿ ಕುಳಿತು ನಾನು ತೀರ್ಪು ಕೊಡುವುದಿಲ್ಲ.

ಆದರೆ ನೋಡುವವಳಾಗಿ ನನಗೆ ಒಂದು ಮಾತು ಹೇಳುವ ಹಕ್ಕಿದೆ. ನಾಲ್ವರೂ ಸುಮಾರು ಐವತ್ತರ ಆಸುಪಾಸಿನವರು. ನಿರೂಪಕರಿಗೆ ಆ ವಯಸ್ಸು ಭಾರವಲ್ಲ, ಬಂಡವಾಳ. 2021ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ರಾಣಿಯ ಗಂಡ ಪ್ರಿನ್ಸ್ ಫಿಲಿಪ್ ತೀರಿಕೊಂಡ ಸುದ್ದಿಯನ್ನು ಅಲ್ಲಿನ ಚಾನೆಲ್‌ನಲ್ಲಿ ಹೇಳಿದ್ದು ಮಾರ್ಟಿನ್ ಕ್ರಾಕ್ಸಲ್. ಆ ತುಣುಕನ್ನು ಮಗ ಫೋನಿನಲ್ಲಿ ತೋರಿಸಿದ. ಕೈಗೆ ಬಂದ ಒಂದು ಚಿಕ್ಕ ಪ್ರಕಟಣೆ ಓದಿ, ಅಲ್ಲಿಂದ ಮುಂದೆ ತಾವೇ ನಡೆಸಿಕೊಂಡು ಹೋಗಬೇಕು. ಹತ್ತು ಸಲ ಬಿದ್ದು ಎದ್ದವರಿಗೆ ಮಾತ್ರ ಅದು ಬರುವುದು. ಇಂಥವರು ಮನೆಯಲ್ಲಿ ಕುಳಿತಿದ್ದ ಹೊತ್ತಿನಲ್ಲೇ ವಾಷಿಂಗ್ಟನ್ನಿನ ಮುಖ್ಯ ನಿರೂಪಕರಾಗಿ ಹೊರಗಿನಿಂದ ಇಬ್ಬರು ಬಂದರು. ಕೇಟ್ರಿಯೋನಾ ಪೆರಿ ಐರ್ಲೆಂಡಿನ ಪ್ರಸಾರ ಸಂಸ್ಥೆ ಆರ್‌ಟಿಇಯಿಂದ, ಸುಮಿ ಸೋಮಸ್ಕಂದ ಜರ್ಮನಿಯ ಪ್ರಸಾರ ಸಂಸ್ಥೆ ಡಿಡಬ್ಲ್ಯೂನಿಂದ. ಇಬ್ಬರೂ ಒಳ್ಳೆಯ ನಿರೂಪಕರು. ಸುಮಿ ಅವರ ಪ್ರಶ್ನೆಗಳು ನನಗೆ ತುಂಬ ಇಷ್ಟ. ಆದರೂ ಲೆಕ್ಕ ನನಗೆ ಸರಿ ಕಾಣಲಿಲ್ಲ.

ಬೀಳ್ಕೊಡುಗೆ ಹೇಗಿರಬೇಕು ಅಂತ ಬಿಬಿಸಿಗೆ ಗೊತ್ತಿಲ್ಲ ಅಂತಲ್ಲ. ಜೊವಾನಾ ಗಾಸ್ಲಿಂಗ್ ಇಪ್ಪತ್ತಮೂರು ವರ್ಷ ಅಲ್ಲಿ ಕೆಲಸ ಮಾಡಿ, ವಿಲೀನದ ಹೊತ್ತಿಗೆ ತಾವಾಗಿ ಹೊರಟರು. ಕೊನೆಯ ದಿನ ನೇರಪ್ರಸಾರದಲ್ಲೇ ಕಣ್ಣೀರು ಹಾಕಿ ನೋಡುಗರಿಗೆ ವಿದಾಯ ಹೇಳಿದರು. ಅದನ್ನೂ ನಾನು ಫೋನಿನಲ್ಲೇ ನೋಡಿದ್ದು. ಉಳಿದವರಿಗೂ ಒಂದು ನಿಮಿಷ ಕೊಟ್ಟಿದ್ದರೆ? "ನಾನು ಸ್ವಲ್ಪ ದಿನ ಇರುವುದಿಲ್ಲ" ಅಂತ ಒಂದೇ ಮಾತು. ಇಷ್ಟು ವರ್ಷ ನೋಡಿದ ನಮಗೆ ಅಷ್ಟು ಸಾಕಿತ್ತು.

ಹಾಳೆ ಖಾಲಿಯಾಗುವ ವಿಷಯ ಯಾಕೆ ಇಷ್ಟು ಹೇಳುತ್ತೇನೆ ಅಂದರೆ, 2024ರ ಮಳೆಗಾಲದಲ್ಲಿ ನಮ್ಮ ಜಿಲ್ಲೆಯೇ ಸುದ್ದಿಯಾಯಿತು. ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿತ್ತು. ರಸ್ತೆ ಬದಿಯ ಚಹಾ ಅಂಗಡಿ, ಅದರ ಮನೆಯವರು, ನಿಂತಿದ್ದ ಲಾರಿಗಳು ಎಲ್ಲ ಗಂಗಾವಳಿ ಹೊಳೆಗೆ ಹೋದವು. ಕೇರಳದ ಚಾಲಕನೊಬ್ಬನ ಲಾರಿ ಹೊಳೆಯ ತಳದಲ್ಲಿ ಸಿಕ್ಕಿದ್ದು ಸೆಪ್ಟೆಂಬರ್ ಕೊನೆಗೆ. ಅಲ್ಲಿಯವರೆಗೆ ಎಷ್ಟು ಚಾನೆಲ್‌ಗಳ ವ್ಯಾನ್ ಬಂದವೋ. ಸ್ಟುಡಿಯೋದಲ್ಲಿ ಕುಳಿತವರಿಗೆ ಹೊಳೆ ಯಾವ ಕಡೆಗೆ ಹರಿಯುತ್ತದೆ, ಭರತದಲ್ಲಿ ಸಮುದ್ರದ ನೀರು ಎಲ್ಲಿಯವರೆಗೆ ಒಳಗೆ ಬರುತ್ತದೆ ಅಂತ ಗೊತ್ತಿರಲಿಲ್ಲ. ಗೊತ್ತಿಲ್ಲದಿರುವುದು ತಪ್ಪಲ್ಲ. ಸ್ಥಳದಲ್ಲಿದ್ದ ಮೀನುಗಾರರನ್ನು ಕೇಳಬಹುದಿತ್ತು. ಕೆಲವರು ಕೇಳಿದರು. ಜಾಸ್ತಿ ಜನ ಕೇಳಲಿಲ್ಲ.

ಅದಾಗಿ ಮೂರು ವಾರಕ್ಕೆ, ಆಗಸ್ಟ್ 7ರ ನಡುರಾತ್ರಿ ದಾಟಿದ ಮೇಲೆ ನಮ್ಮ ಕಾಳಿಯ ಹಳೆಯ ಸೇತುವೆ ಕುಸಿಯಿತು. ಒಂದು ಲಾರಿ ನೀರಿಗೆ ಬಿತ್ತು. ಚಾಲಕನನ್ನು ಮೀನುಗಾರರು ಮತ್ತು ಪೊಲೀಸರು ಉಳಿಸಿದರು. ನಾನು ಎಚ್ಚರಾಗಿ ಹೊರಗೆ ಬರುವಾಗ ಓಣಿಯೆಲ್ಲ ಜನ, ಟಾರ್ಚಿನ ಬೆಳಕು. ನಮ್ಮ ಪಕ್ಕದ ಮನೆಯ ಹುಡುಗನಿಗೆ ಬೆಳಿಗ್ಗೆ ಒಂದು ಚಾನೆಲ್‌ನಿಂದ ಫೋನ್ ಬಂತು, ನೇರಪ್ರಸಾರಕ್ಕೆ. ಅವನು ನಮ್ಮ ಅಂಗಳದಲ್ಲೇ ನಿಂತು ಮಾತಾಡಿದ. "ಹಳೇ ಸೇತುವೆ ಬಿದ್ದಿದೆ, ಹೊಸದು ಇದೆ" ಅಂದ. ಸ್ಟುಡಿಯೋದವರು "ಹಾಗಾದರೆ ಗೋವಾ ಸಂಪರ್ಕ ಪೂರ್ತಿ ಕಡಿದುಹೋಗಿದೆ, ಅಲ್ಲವೇ?" ಅಂತ ಕೇಳಿದರು. ಅವನು ಮತ್ತೆ ಹೇಳಿದ. ಅವರು ಮತ್ತೆ ಅದನ್ನೇ ಕೇಳಿದರು. ಮೂರನೇ ಸಲ ಹೇಳುವಷ್ಟರಲ್ಲಿ ಕರೆ ಕಟ್ಟಾಯಿತು. ಹುಡುಗ ಸುಮ್ನೆ ಫೋನ್ ನೋಡುತ್ತ ನಿಂತ. ಆ ನಿರೂಪಕರ ದನಿ ಚೆನ್ನಾಗಿತ್ತು, ಉಚ್ಚಾರ ಸ್ವಚ್ಛವಾಗಿತ್ತು. ಕಿವಿ ಮಾತ್ರ ಇರಲಿಲ್ಲ. ಅವತ್ತು ಸಂಜೆ ಬಿಬಿಸಿ ಹಾಕಿದಾಗ ಬೇರೆ ಯಾವುದೋ ದೇಶದ ಸುದ್ದಿಗೆ ನಿರೂಪಕಿ ಒಬ್ಬ ರೈತನನ್ನು ಫೋನಿನಲ್ಲಿ ಮಾತಾಡಿಸುತ್ತಿದ್ದರು. ಅವನು ಹೇಳಿದ್ದರಿಂದಲೇ ಮುಂದಿನ ಪ್ರಶ್ನೆ ಹುಟ್ಟುತ್ತಿತ್ತು. ರಿಚಾರ್ಜ್ ಅಂಗಡಿಯಲ್ಲಿ ನಾನು 'ಇರಲಿ' ಅಂದದ್ದು ಇಂಥದ್ದಕ್ಕೆ.

ನಮ್ಮ ದೇಶದಲ್ಲೂ ಇಂಥ ಒಂದು ವಿಲೀನ ಆಯಿತು. 2006ರಲ್ಲಿ ಶುರುವಾದ ಲೋಕಸಭಾ ಟಿವಿ, 2011ರಲ್ಲಿ ಶುರುವಾದ ರಾಜ್ಯಸಭಾ ಟಿವಿ ಎರಡೂ ಸೇರಿ 2021ರ ಸೆಪ್ಟೆಂಬರ್ 15ರಂದು ಸಂಸದ್ ಟಿವಿ ಆಯಿತು. ಅಲ್ಲಿ ಬೇರೆ ದಾರಿ ಹಿಡಿದರು. ಕಾರ್ಯಕ್ರಮ ನಡೆಸಲು ಹೊರಗಿನ ದೊಡ್ಡವರನ್ನು ಕರೆದರು: ಕರಣ್ ಸಿಂಗ್, ಬಿಬೇಕ್ ದೇಬ್ರಾಯ್, ಅಮಿತಾಭ್ ಕಾಂತ್, ಸಂಸದರಾದ ಶಶಿ ತರೂರ್, ಪ್ರಿಯಾಂಕಾ ಚತುರ್ವೇದಿ. ವಿಷಯ ಬಲ್ಲವರು, ಮಾತು ಬಲ್ಲವರು. ಕೆಲವು ಕಂತು ನಾನು ಬಿಡದೆ ನೋಡಿದ್ದೇನೆ. ಆದರೆ ಅದೇ ವರ್ಷ ನವೆಂಬರ್ ಕೊನೆಗೆ ರಾಜ್ಯಸಭೆಯಿಂದ ಸದಸ್ಯರನ್ನು ಅಮಾನತು ಮಾಡಿದಾಗ, ಅಮಾನತಾದವರಲ್ಲಿ ಒಬ್ಬರಾಗಿದ್ದ ಚತುರ್ವೇದಿ ಡಿಸೆಂಬರ್‌ನಲ್ಲಿ ಕಾರ್ಯಕ್ರಮ ಬಿಟ್ಟರು, ಅವರ ಬೆಂಬಲಕ್ಕೆ ತರೂರ್ ಕೂಡ ನಿಲ್ಲಿಸಿದರು. ಅವರ ನಿಲುವಿಗೆ ಅವರಿಗೆ ಕಾರಣ ಇತ್ತು. ನೋಡುವವರಿಗೆ ಮಾತ್ರ ಕಾರ್ಯಕ್ರಮ ನಿಂತುಹೋಯಿತು. ದಿನವೂ ಬಂದು ಕೂರುವುದನ್ನೇ ಕಸುಬು ಮಾಡಿಕೊಂಡವರ ಬೆಲೆ ನನಗೆ ಆಗ ಇನ್ನಷ್ಟು ಗೊತ್ತಾಯಿತು.

ಒಂದು ಬೇಸರ ಇಲ್ಲೇ ಹೇಳಿಬಿಡುತ್ತೇನೆ. 2017ರ ಅಕ್ಟೋಬರ್‌ನಲ್ಲಿ ಬಿಬಿಸಿ ನಮ್ಮ ದೇಶದ ನಾಲ್ಕು ಭಾಷೆಗಳಲ್ಲಿ ಸುದ್ದಿ ಶುರು ಮಾಡಿತು: ಮರಾಠಿ, ಗುಜರಾತಿ, ಪಂಜಾಬಿ, ತೆಲುಗು. ಕನ್ನಡ ಇರಲಿಲ್ಲ. ಸದಾಶಿವಗಡದಲ್ಲಿರುವ ನನ್ನ ಗೆಳತಿ ಮರಾಠಿ ಬಲ್ಲವಳು, ಬಿಬಿಸಿ ಮರಾಠಿ ಓದಿ ನನಗೆ ಫೋನಿನಲ್ಲಿ ಹೇಳುತ್ತಾಳೆ. ಕಾಳಿಯ ಆ ದಡದಲ್ಲಿ ಅವಳಿಗೆ ಅವಳ ಭಾಷೆಯಲ್ಲಿ ಸಿಗುತ್ತದೆ, ಈ ದಡದಲ್ಲಿ ನನಗೆ ಕನ್ನಡದಲ್ಲಿ ಸಿಗುವುದಿಲ್ಲ. ಧ್ವನಿ ಪರೀಕ್ಷೆ ದಾಟಿ ಬಂದ, ಶ ಮತ್ತು ಷ ಬೇರೆ ಮಾಡಿ ಹೇಳಬಲ್ಲ ಹುಡುಗ ಹುಡುಗಿಯರು ನಮ್ಮ ಧಾರವಾಡ, ಕಾರವಾರ, ಮಂಗಳೂರಿನಲ್ಲಿ ಎಷ್ಟು ಜನ ಇದ್ದಾರೆ! ಅವರನ್ನು ಯಾರಾದರೂ ಕರೆಯಲಿ ಅಂತ ನನಗೆ ತುಂಬ ಆಸೆ.

ಈಗ ಕೊಳ್ಳುವವರಿಗೆ ಬೇಕಾದ ವಿವರ. ತಿಂಗಳ ಖರ್ಚು ಒಂದು ಲೋಟ ಚಹಾಕ್ಕಿಂತ ಕಡಿಮೆ. ಚಾನೆಲ್ ಪಟ್ಟಿಯಲ್ಲಿ ಹಳೆಯ ಹೆಸರು ಹುಡುಕಬೇಡಿ, ಬಿಬಿಸಿ ನ್ಯೂಸ್ ಅಂತಲೇ ನೋಡಿ. ಮನೆಯ ಸಣ್ಣ ಡಿಶ್‌ಗೆ ಬರುವ ಕೆಯು ಬ್ಯಾಂಡ್ ತರಂಗ ಜೋರು ಮಳೆಯಲ್ಲಿ ಸೋಲುತ್ತದೆ. ಜೂನ್, ಜುಲೈಯಲ್ಲಿ ನಮ್ಮ ಕರಾವಳಿಯಲ್ಲಿ ಎಷ್ಟೋ ಸಂಜೆ 'ಸಿಗ್ನಲ್ ಇಲ್ಲ' ಎಂಬ ಬರಹವೇ ಕಾಣುತ್ತದೆ. ಅದು ಚಾನೆಲ್‌ನ ತಪ್ಪಲ್ಲ. ಕೇಬಲ್‌ನವರು ಸಿ ಬ್ಯಾಂಡಿನ ದೊಡ್ಡ ತಟ್ಟೆಯಿಂದ ಹಿಡಿದು ಕೊಡುವ ಕಡೆ ಮಳೆಯ ಕಾಟ ಕಡಿಮೆ. ನಿಮ್ಮ ಓಣಿಯಲ್ಲಿ ಇನ್ನೂ ಕೇಬಲ್ ಇದ್ದರೆ ಬಿಡಬೇಡಿ.

ಸುದ್ದಿಯ ಹದ ಸ್ವಲ್ಪ ಬದಲಾಗಿದೆ. ಬ್ರಿಟನ್ನಿನ ಒಳಗಿನ ಸುದ್ದಿ ಮೊದಲಿಗಿಂತ ಜಾಸ್ತಿ ಅನ್ನಿಸುತ್ತದೆ ನನಗೆ. ಒಂದೇ ಚಾನೆಲ್ ಇಬ್ಬರನ್ನೂ ಸಂಭಾಳಿಸಬೇಕಲ್ವಾ? ಆಫ್ರಿಕಾ, ದಕ್ಷಿಣ ಅಮೆರಿಕದ ಸುದ್ದಿಗೆ ಈಗಲೂ ಇದರಷ್ಟು ಒಳ್ಳೆಯದು ನನ್ನ ಡಿಶ್‌ನಲ್ಲಿ ಬೇರೆ ಇಲ್ಲ. ಐದಕ್ಕೆ ಮೂರೂವರೆ ಕೊಡುತ್ತೇನೆ. ಮೊದಲಾಗಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ.

ಇಂಗ್ಲಿಷ್ ಕಲಿಯುವ ಮಕ್ಕಳಿಗೆ ಹೇಳುವುದಾದರೆ, ಬೆಳಗಿನ ಹೊತ್ತು ಸಿಂಗಾಪುರದಿಂದ ಬರುವಾಗ ನೋಡಿ. ಸ್ಟೀವ್ ಲಾಯ್ ನಿಧಾನವಾಗಿ, ಬಿಡಿಸಿ ಹೇಳುತ್ತಾರೆ. ಸಂಜೆ ಲೂಸಿ ಹಾಕಿಂಗ್ಸ್ ಸಿಕ್ಕರೆ ಬಿಡಬೇಡಿ. ಮೊದಲು ಕಣ್ಣು ಮುಚ್ಚಿ ಐದು ನಿಮಿಷ ಕೇಳಿ, ಆಮೇಲೆ ಕಣ್ಣು ಬಿಟ್ಟು ನೋಡಿ. ಕಾಸಿಯಾ ಮದೇರಾ ಈಗ ಮತ್ತೆ ಬರುತ್ತಾರೆ. 2024ರಲ್ಲಿ ಮೊದಲ ಸಲ ಮತ್ತೆ ಕಂಡ ದಿನ ಅಂಗಳದಲ್ಲಿ ಹೂ ಕೊಯ್ಯುತ್ತಿದ್ದ ನಮ್ಮ ಮನೆಯವರನ್ನು ಕೂಗಿ ಕರೆದೆ. ಅವರು ಹೂವಿನ ಬುಟ್ಟಿ ಹಿಡಿದುಕೊಂಡೇ ಒಳಗೆ ಬಂದು, "ಬಂದ್ರಾ?" ಅಂತ ಕೇಳಿ ಕುರ್ಚಿ ಎಳೆದುಕೊಂಡರು.